ನಿನ್ನೆ ಅಂತ ಬಂದರೆ ‘ಹ್ಯಾವ್’ ಹಾಕಬಾರದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರದ ಒಂದು ಹೋಮ್‌ಸ್ಟೇನಲ್ಲಿ ಕೆಲಸ ಮಾಡುತ್ತೇನೆ. ಗೆಸ್ಟ್‌ಗಳಿಗೆ ವಾಟ್ಸಾಪ್‌ನಲ್ಲಿ ಇಂಗ್ಲಿಷಲ್ಲೇ ಮೆಸೇಜ್ ಹಾಕಬೇಕು. ಕ್ಲೀನ್, ಕುಕ್, ವಾಷ್ ಇವಕ್ಕೆಲ್ಲ ಆಗಿಹೋದ ಕೆಲಸಕ್ಕೆ ಕೊನೆಯಲ್ಲಿ ‘ಇ-ಡಿ’, ಮುಂದೆ ಮಾಡುವುದಕ್ಕೆ ‘ವಿಲ್’. ‘ಗೋ’ ಹೋಗಿ ‘ವೆಂಟ್’ ಆಗುವ ಕಾಟ ಇಲ್ಲ. ಅಲ್ಲಿವರೆಗೂ ಸಲೀಸು.

ಮೊನ್ನೆ ಒಬ್ಬರಿಗೆ ‘ಐ ಹ್ಯಾವ್ ಕ್ಲೀನ್ಡ್ ದ ರೂಮ್ ಯೆಸ್ಟರ್‌ಡೇ’ ಅಂತ ಕಳಿಸಿದೆ. ಓನರ್ ಮಗಳು ನೋಡಿ, “ಅಕ್ಕಾ, ತಪ್ಪು, ಹ್ಯಾವ್ ತೆಗೀರಿ” ಅಂದಳು. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ! ನಾವು ‘ನಿನ್ನೆನೇ ಕ್ಲೀನ್ ಮಾಡಿದ್ದೇನೆ’ ಅಂತೀವಿ, ಅಲ್ವಾ? ನಾನು ಬರೆದಿದ್ದೂ ಅದನ್ನೇ.

ಗ್ರಾಮರ್ ಪುಸ್ತಕದ 12 ಟೆನ್ಸ್ ಟೇಬಲ್ ಮೂರು ದಿನ ಬಾಯಿಪಾಠ ಮಾಡಿದೆ. ರೂಪ ಎಲ್ಲ ಬರುತ್ತೆ, ಎಲ್ಲಿ ಯಾವುದು ಅನ್ನೋದೇ ಬರಲ್ಲ. ಈಗ ಸುಮ್ನೆ ‘ಹ್ಯಾಡ್ ಕ್ಲೀನ್ಡ್’ ಬೇರೆ ತಲೆ ತಿನ್ನುತ್ತಿದೆ.

ನನ್ನ ಪ್ರಶ್ನೆ ಇಷ್ಟೇ: ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’ ಅಂತ ಸಮಯ ಹೇಳಿದರೆ ಯಾವಾಗಲೂ ಬರೀ ‘ಕ್ಲೀನ್ಡ್’ ಅಂತಲೇ ಬರೆಯಬೇಕಾ? ‘ಟುಡೇ’ ಅಂದರೆ ‘ಹ್ಯಾವ್’ ಹಾಕಬಹುದಾ? ಗೊತ್ತಿರುವವರು ಎರಡು ಉದಾಹರಣೆ ಕೊಟ್ಟು ಹೇಳಿ. ಶನಿವಾರ ಮತ್ತೆ ಗೆಸ್ಟ್ ಬರ್ತಾರೆ.