ಸಹಾಯ ಬೇಕು: ಕೊಪ್ಪಳದ ಗಿರಾಕಿಗೂ ದಿರ್ಹಮ್ ಬೆಲೆ ತೋರಿಸ್ತಿದೆ

ನಮಸ್ಕಾರ ರೀ. ಕಿನ್ನಾಳ ಗೊಂಬೆ ಮಾರುವ ವೂಕಾಮರ್ಸ್ (ವರ್ಡ್‌ಪ್ರೆಸ್‌ನ ಅಂಗಡಿ ಪ್ಲಗಿನ್) ಸೈಟು, 1 ಜಿಬಿ ವಿಪಿಎಸ್ (ಬಾಡಿಗೆ ಸರ್ವರ್), ವೆಬ್ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್. ಮೂಲ ಬೆಲೆ ರೂಪಾಯಿಯಲ್ಲೇ ಇದೆ; ಗಿರಾಕಿಯ ಐಪಿಯಿಂದ ದೇಶ ಗುರುತಿಸಿ ಡಾಲರ್, ದಿರ್ಹಮ್, ಕುವೈತ್ ದಿನಾರ್‌ನಲ್ಲಿ ತೋರಿಸಬೇಕು. ಪೇಜ್ ಕ್ಯಾಶ್ (ಒಮ್ಮೆ ತಯಾರಾದ ಪುಟದ ಪ್ರತಿ ಇಟ್ಟುಕೊಂಡು ಮುಂದೆ ಬಂದವರಿಗೂ ಅದನ್ನೇ ಕೊಡುವ ವ್ಯವಸ್ಥೆ) ಆನ್ ಮಾಡಿದರೆ ಎಡವಟ್ಟು. ದುಬೈನವರೊಬ್ಬರು ತೆರೆದ ಪುಟದ ಪ್ರತಿಯೇ ಕೊಪ್ಪಳದವರಿಗೂ ಹೋಗುತ್ತದೆ: 1,500 ರೂಪಾಯಿಯ ಗರುಡ ದಿರ್ಹಮ್‌ನಲ್ಲಿ ಕಾಣುತ್ತದೆ, ಕಾರ್ಟ್‌ಗೆ ಹೋದರೆ ಮತ್ತೆ ರೂಪಾಯಿ. ಕಾರ್ಟ್, ಚೆಕ್‌ಔಟ್ ಕ್ಯಾಶ್‌ನಿಂದ ಹೊರಗಿವೆ, ಅದಕ್ಕೇ ಅಲ್ಲಿ ಸರಿ ಬರುತ್ತದೆ.

ಕ್ಯಾಶ್ ಪೂರ್ತಿ ತೆಗೆದುಬಿಡಿ ಅನ್ನಬ್ಯಾಡ್ರಿ, ಸೈಟು ತೆವಳುತ್ತದೆ. ವೂಕಾಮರ್ಸ್‌ನಲ್ಲೇ ಕ್ಯಾಶ್‌ಗೆ ಹೊಂದುವ ಜಿಯೋಲೊಕೇಟ್ (ಗಿರಾಕಿಯ ಸ್ಥಳ ಗುರುತಿಸುವ) ಆಯ್ಕೆ ಇದೆ ನಿಜ. ಆದರೆ ಅದು ಪ್ರತಿ ಪುಟದ ವೆಬ್ ವಿಳಾಸಕ್ಕೂ ಒಂದು ಬಾಲ ಅಂಟಿಸುತ್ತದೆ. ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದರೆ ನೋಡೋಕಾಗಲ್ಲ.

ಕರೆನ್ಸಿ ಕುಕಿಯನ್ನು (ಗಿರಾಕಿಯ ಕರೆನ್ಸಿ ಯಾವುದೆಂದು ಬ್ರೌಸರ್‌ನಲ್ಲಿ ಉಳಿಯುವ ಗುರುತು) ಕ್ಯಾಶ್ ಕೀಗೆ (ಯಾವ ಪ್ರತಿ ಕೊಡಬೇಕೆಂದು ಹುಡುಕುವ ಹೆಸರು) ಸೇರಿಸಿ, ಕರೆನ್ಸಿಗೊಂದು ಪ್ರತಿ ಇಡುವಂತೆ ಮಾಡಿದವರು ಇದ್ದೀರಾ? ಮೊದಲ ಸಲ ಬಂದವರ ಬಳಿ ಕುಕಿಯೇ ಇರುವುದಿಲ್ಲ, ತೊಡಕು ಅಲ್ಲೇ. ದೇಶವನ್ನು ಎನ್‌ಜಿನ್‌ಎಕ್ಸ್ ಮಟ್ಟದಲ್ಲೇ ಜಿಯೋಐಪಿಯಿಂದ (ಯಾವ ಐಪಿ ಯಾವ ದೇಶದ್ದು ಎಂಬ ಪಟ್ಟಿ) ಹಿಡಿಯುವ ಮ್ಯಾಪ್ ಬ್ಲಾಕ್ (ದೇಶಕ್ಕೆ ಕರೆನ್ಸಿ ಹೊಂದಿಸುವ ಸೆಟ್ಟಿಂಗ್ ತುಣುಕು) ಯಾರ ಬಳಿಯಾದರೂ ಇದ್ದರೆ ಹಾಕಿ.

ಇನ್ನೊಂದು: ದಿನಾರ್‌ಗೆ ದಶಾಂಶದ ನಂತರ 3 ಸ್ಥಾನ. ಪಾವತಿ ಪ್ಲಗಿನ್ ಎಲ್ಲ ಕರೆನ್ಸಿಯ ಮೊತ್ತವನ್ನೂ 100ರಿಂದ ಗುಣಿಸಿ ಗೇಟ್‌ವೇಗೆ (ಹಣ ಕಡಿತ ಮಾಡುವ ಪಾವತಿ ಸೇವೆ) ಕಳಿಸುತ್ತದೆ. 12.500 ದಿನಾರ್ 1250 ಎಂದು ಹೋಗಿ, ಅಲ್ಲಿ 1.250 ದಿನಾರ್ ಆಗಿ, ಗಿರಾಕಿಯ ಖಾತೆಯಿಂದ ಹತ್ತರಲ್ಲಿ ಒಂದು ಪಾಲಷ್ಟೇ ಕಡಿತವಾಗುತ್ತದೆ, 1000ರಿಂದ ಗುಣಿಸಬೇಕು. ಪ್ಲಗಿನ್ ಫೈಲ್ ಮುಟ್ಟದೆ ಫಿಲ್ಟರ್‌ನಲ್ಲೇ (ಹೊರಗಿನಿಂದ ಮೌಲ್ಯ ಬದಲಿಸುವ ವರ್ಡ್‌ಪ್ರೆಸ್ ಕೋಡ್) ತಿದ್ದುವ ದಾರಿ ಇದ್ದರೆ ತಿಳಿಸಿ.