ಕ್ರಾಬಿಯಲ್ಲಿ ದೋಣಿ ಗೊತ್ತುಮಾಡುವ ಮೊದಲು

ಪುಟ್ಟಿ, ಜನವರಿಯಲ್ಲಿ ನೀವು ಏಳು ಮಂದಿ ಥಾಯ್ಲೆಂಡಿನ ಕ್ರಾಬಿಗೆ ಹೋಗುವುದು ಖಚಿತವಾಯಿತೆಂದು ತಿಳಿಸಿ, ಒಂದೇ ದಿನದಲ್ಲಿ ಏಳು ದ್ವೀಪ ತೋರಿಸುತ್ತೇವೆನ್ನುವ ಸ್ಪೀಡ್‌ಬೋಟಿನಲ್ಲಿ ಸೀಟು ಕಾದಿರಿಸಲೇ ಅಥವಾ ನಮ್ಮವರಿಗಷ್ಟೇ ಒಂದು ದೋಣಿಯನ್ನು ಬಾಡಿಗೆಗೆ ಹಿಡಿಯಲೇ ಎಂದು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅಕ್ಕ, ಭಾವ, ನೀವೂ ಪೂರ್ತಿ ಕೇಳಿಸಿಕೊಳ್ಳಿ. ಏಕೆಂದರೆ ಅಮ್ಮನ ಮೊಣಕಾಲು ಮತ್ತು ನಾಲ್ಕು ವರ್ಷದ ಮಗು, ಇವೆರಡನ್ನೂ ಗಮನದಲ್ಲಿಟ್ಟುಕೊಂಡೇ ನಾನು ಹೇಳುತ್ತಿದ್ದೇನೆ.

ಇಡೀ ದೋಣಿಯನ್ನೇ ಹಿಡಿಯಿರಿ, ಎರಡು ಅಥವಾ ಮೂರು ದ್ವೀಪಗಳನ್ನಷ್ಟೇ ನೋಡಿ, ಯಾವುದನ್ನು ಎಷ್ಟು ಹೊತ್ತಿಗೆ ನೋಡಬೇಕೆಂಬುದನ್ನು ಆ ದಿನದ ಉಬ್ಬರ ಇಳಿತವನ್ನು ನೋಡಿ ನಿರ್ಧರಿಸಿ ಎಂಬುದು ನನ್ನ ಸಲಹೆ.

2019ರಲ್ಲಿ ನಾನೂ ನಿನ್ನ ಅತ್ತೆಯೂ ಫುಕೆಟ್‌ನಿಂದ ಸೀಟು ಲೆಕ್ಕದ ಸ್ಪೀಡ್‌ಬೋಟಿನಲ್ಲಿ ಫಿ ಫಿ ದ್ವೀಪಗಳಿಗೆ ಹೋಗಿದ್ದೆವು. ಗಾಳಿ ಚೆನ್ನಾಗಿ ಬೀಸುತ್ತದೆ, ನೋಟವೂ ಚೆನ್ನಾಗಿರುತ್ತದೆ ಎಂದು ನಮ್ಮನ್ನು ಮುಂಭಾಗದಲ್ಲಿ ಕೂರಿಸಿದರು. ದಡ ಬಿಟ್ಟು ಅರ್ಧ ಗಂಟೆಯಾಗುವಷ್ಟರಲ್ಲಿ ಅಲೆ ಹೆಚ್ಚಾಯಿತು. ದೋಣಿಯ ಮೂತಿ ಪ್ರತಿ ಅಲೆಯ ಮೇಲೆ ಎದ್ದು ಕಲ್ಲಿಗೆ ಬಡಿದಂತೆ ಕೆಳಗೆ ಬೀಳುತ್ತಿತ್ತು, ಆ ಪೆಟ್ಟು ನೇರವಾಗಿ ಸೊಂಟಕ್ಕೆ ತಗಲುತ್ತಿತ್ತು. ಹಿಂದಕ್ಕೆ ಹೋಗಿ ಕೂರುತ್ತೇವೆಂದರೆ ಅಲ್ಲಿ ಜಾಗವಿರಲಿಲ್ಲ, ವೇಗ ಕಡಿಮೆ ಮಾಡಿ ಎಂದು ಕೇಳಿಕೊಂಡರೂ ಚಾಲಕ ಕೇಳಿಸಿಕೊಳ್ಳಲಿಲ್ಲ. ಊರಿಗೆ ಬಂದ ಮೇಲೆ ನಿನ್ನ ಅತ್ತೆ ಮೂರು ವಾರ ಬೆನ್ನು ನೋವಿನಿಂದ ನರಳಿದಳು. ಒಂದೊಂದು ದ್ವೀಪದಲ್ಲಿ ನಮಗೆ ಸಿಕ್ಕಿದ್ದು ಮೂವತ್ತು ನಲವತ್ತು ನಿಮಿಷ. ಅದರಲ್ಲಿ ಅರ್ಧ ಹೊತ್ತು ಇಳಿಯುವುದಕ್ಕೂ ಹತ್ತುವುದಕ್ಕೂ ಸರದಿ ಕಾಯುವುದರಲ್ಲೇ ಕಳೆಯಿತು. ಅಮ್ಮನನ್ನು ಅಂಥ ದೋಣಿಯಲ್ಲಿ ಕೂರಿಸುವುದನ್ನು ನೆನೆದರೇ ನನಗೆ ಭಯವಾಗುತ್ತದೆ. ಯಾವ ಕಾರಣಕ್ಕಾದರೂ ಸ್ಪೀಡ್‌ಬೋಟೇ ಗತಿಯಾದರೆ ಅಮ್ಮನನ್ನೂ ಮಗುವನ್ನೂ ಹಿಂಭಾಗದಲ್ಲಿ, ಎಂಜಿನ್ನಿನ ಹತ್ತಿರ ಕೂರಿಸಿ; ಶಬ್ದ ಹೆಚ್ಚಿದ್ದರೂ ಕುಲುಕಾಟ ಅಲ್ಲಿ ಕಡಿಮೆ.

2023ರ ಫೆಬ್ರವರಿಯಲ್ಲಿ ಎರಡನೆಯ ಸಲ ಹೋದಾಗ ಕ್ರಾಬಿಯ ಆವೊ ನಾಂಗ್ ಕಡಲತೀರದಿಂದ ಲಾಂಗ್‌ಟೇಲ್ ದೋಣಿಯನ್ನು ನಮಗಾಗಿಯೇ ಹಿಡಿದೆವು. ಅದು ಉದ್ದನೆಯ ಮರದ ದೋಣಿ. ಹಿಂಭಾಗದಲ್ಲಿ ಕಾರಿನದೋ ಲಾರಿಯದೋ ಎಂಜಿನ್ನನ್ನು ಒಂದು ಗೂಟದ ಮೇಲೆ ತಿರುಗುವಂತೆ ಕೂರಿಸಿರುತ್ತಾರೆ. ಅದರಿಂದ ಹೊರಟ ಉದ್ದನೆಯ ಕಬ್ಬಿಣದ ದಂಡದ ತುದಿಯಲ್ಲಿ ಪಂಕ ಇರುತ್ತದೆ. ನೀರು ಕಡಿಮೆಯಾದ ಕಡೆ ದೋಣಿಯವನು ಆ ದಂಡವನ್ನು ಪೂರ್ತಿ ಮೇಲಕ್ಕೆತ್ತಿಬಿಡುತ್ತಾನೆ, ಹಾಗಾಗಿ ದೋಣಿ ಮರಳಿನ ಅಂಚಿನವರೆಗೂ ಬರುತ್ತದೆ. ಮುಂದಿನ ಎತ್ತರದ ಮೂತಿಗೆ ಬಣ್ಣಬಣ್ಣದ ಬಟ್ಟೆಗಳನ್ನೂ ಹೂಮಾಲೆಯನ್ನೂ ಕಟ್ಟಿರುತ್ತಾರೆ. ಅದು ಅಲಂಕಾರಕ್ಕೆ ಕಟ್ಟಿದ್ದಲ್ಲ, ದೋಣಿಯನ್ನು ಕಾಯುವ ಮೇ ಯಾ ನಾಂಗ್ ಎಂಬ ದೇವಿಗೆ ಅರ್ಪಿಸಿದ್ದು. ಮಲ್ಪೆಯಲ್ಲಿ ದೋಣಿಗೆ ಪೂಜೆ ಮಾಡುವುದನ್ನು ನೋಡಿ ಬೆಳೆದ ನಮಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಫೋಟೋಗಾಗಿ ಆ ಮೂತಿಯ ಮೇಲೆ ಕಾಲಿಟ್ಟು ನಿಲ್ಲಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿಬಿಡು.

ಇನ್ನು ಉಬ್ಬರ ಇಳಿತದ ವಿಷಯ. ಆವೊ ನಾಂಗ್‌ನ ಎದುರಿಗೇ ಪೋಡಾ, ಕಾಯ್, ತುಬ್, ಮೋರ್ ಎಂಬ ನಾಲ್ಕು ದ್ವೀಪಗಳಿವೆ. ಕಾಯ್ ಎಂದರೆ ಕೋಳಿ. ಅದರ ತುದಿಯ ಬಂಡೆ ಕತ್ತು ಚಾಚಿದ ಕೋಳಿಯಂತೆ ಕಾಣುವುದರಿಂದ ಆ ಹೆಸರು. ಸಮುದ್ರ ಇಳಿದಾಗ ಕಾಯ್, ತುಬ್, ಮೋರ್ ಈ ಮೂರರ ನಡುವೆ ಬಿಳಿಯ ಮರಳಿನ ದಾರಿಯೊಂದು ನೀರಿನಿಂದ ಮೇಲೇಳುತ್ತದೆ. ಥಲೇ ವೇಕ್, ಅಂದರೆ ಕಡಲು ಇಬ್ಭಾಗವಾಗುವುದು ಎಂದು ಅದನ್ನು ಕರೆಯುತ್ತಾರೆ. ಅದು ಚೆನ್ನಾಗಿ ತೆರೆದುಕೊಳ್ಳುವುದು ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ, ಏಕೆಂದರೆ ಆಗ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಬಿದ್ದು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಹೋದರೆ ಇಳಿತದಲ್ಲೂ ಮರಳಿನ ಮೇಲೆ ನೀರು ನಿಂತಿರಬಹುದು. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆಂಬುದು ನೆನಪಿರಲಿ, ಹಿಂದಿನ ದಿನ ಯಾರೋ ನೋಡಿ ಬಂದ ಹೊತ್ತು ನಿಮಗೆ ಒದಗುವುದಿಲ್ಲ.

ನಾವು ಹೋದ ದಿನ ಸಂಜೆ ನಾಲ್ಕು ದಾಟಿತ್ತು. ನೋಡುತ್ತಿದ್ದಂತೆ ನೀರಿನ ಮೇಲೆ ಮೊದಲು ಒಂದು ನಸುಬಿಳಿಯ ಗೆರೆ ಮೂಡಿತು, ಎರಡೂ ಕಡೆಯಿಂದ ಬಂದ ಸಣ್ಣ ಅಲೆಗಳು ಆ ಗೆರೆಯ ಮೇಲೆ ಒಂದಕ್ಕೊಂದು ತಾಗಿ ನೊರೆಯಾಗುತ್ತಿದ್ದವು. ಕಾಲು ಗಂಟೆಯಲ್ಲಿ ಗೆರೆ ಅಗಲವಾಗಿ ದಾರಿಯಾಯಿತು. ನಾವು ಪಾದ ಮುಳುಗುವಷ್ಟು ನೀರಿನಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ನಡೆದು ಹೋದೆವು. ಬೆಳಗಿನ ಪ್ರವಾಸದ ದೋಣಿಗಳೆಲ್ಲ ಆಗ ಹಿಂದಿರುಗಿದ್ದವು. ಸೀಟು ಲೆಕ್ಕದ ದೋಣಿಯಲ್ಲಿ ಹೋಗಿದ್ದರೆ ನಮಗೂ ಅದು ಸಿಗುತ್ತಿರಲಿಲ್ಲ. ಅವರ ವೇಳಾಪಟ್ಟಿ ಗಡಿಯಾರವನ್ನು ನೋಡಿ ಮಾಡಿದ್ದು, ಸಮುದ್ರವನ್ನು ನೋಡಿ ಮಾಡಿದ್ದಲ್ಲ.

ಹಾಂಗ್ ದ್ವೀಪದಲ್ಲಿ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಸುಣ್ಣಕಲ್ಲಿನ ಗೋಡೆಗಳ ನಡುವೆ ಹಸಿರು ನೀರಿನ ಕೊಳವೊಂದಿದೆ, ಒಳಗೆ ಹೋಗುವ ಬಾಯಿ ಕಿರಿದು. ನೀರು ಸಾಕಷ್ಟು ಏರಿದ್ದರೆ ಮಾತ್ರ ದೋಣಿ ಒಳಕ್ಕೆ ಹೋಗುತ್ತದೆ. ಆದ್ದರಿಂದ ಹಾಂಗ್ ಮತ್ತು ಥಲೇ ವೇಕ್ ಎರಡನ್ನೂ ಒಂದೇ ಅರ್ಧ ದಿನದಲ್ಲಿ ತೋರಿಸುತ್ತೇನೆಂದು ಯಾರಾದರೂ ಹೇಳಿದರೆ, ಒಂದನ್ನು ಸರಿಯಾಗಿ ತೋರಿಸುವುದಿಲ್ಲವೆಂದೇ ತಿಳಿ.

ಮಾಯಾ ಬೇ ನೋಡಲೇಬೇಕೆಂದು ಮಕ್ಕಳು ಹಠ ಹಿಡಿದಿದ್ದಾರೆಂದು ಬರೆದಿದ್ದೀಯ. ಅದು ಫಿ ಫಿ ಲೇ ದ್ವೀಪದಲ್ಲಿದೆ. ದಿನಕ್ಕೆ ಐದು ಸಾವಿರದಷ್ಟು ಜನ ಬಂದು, ದೋಣಿಗಳ ಲಂಗರಿನಿಂದ ಹವಳವೆಲ್ಲ ಹಾಳಾದ ಮೇಲೆ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ನಾವು ಮೊದಲ ಸಲ ಹೋದಾಗ ಕೊಲ್ಲಿಯ ಹೊರಗಿನಿಂದಲೇ ಕಂಡು ಬಂದೆವು. 2022ರ ಜನವರಿಯಲ್ಲಿ ಮತ್ತೆ ತೆರೆದ ಮೇಲೆ ಯಾವ ದೋಣಿಯನ್ನೂ ಕೊಲ್ಲಿಯೊಳಗೆ ಬಿಡುತ್ತಿಲ್ಲ. ಹಿಂಬದಿಯ ಲೋ ಸಮಾ ಕೊಲ್ಲಿಯಲ್ಲಿ ತೇಲುವ ಜೆಟ್ಟಿಯ ಮೇಲೆ ಇಳಿದು ಹಲಗೆಯ ದಾರಿಯಲ್ಲಿ ನಡೆದು ಹೋಗಬೇಕು, ಅಲ್ಲಿ ಈಜುವಂತಿಲ್ಲ. ಕಪ್ಪು ರೆಕ್ಕೆತುದಿಯ ಪುಟ್ಟ ಶಾರ್ಕುಗಳು ಆ ನೀರಿಗೆ ಹಿಂದಿರುಗಿವೆ. ಒಂದು ಜಾಗವನ್ನು ಬಿಟ್ಟುಬಿಟ್ಟರೆ ಅದು ತಾನೇ ಚೇತರಿಸಿಕೊಳ್ಳುತ್ತದೆಂಬುದನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂದು ನನಗೂ ಆಸೆಯಿದೆ. ಆದರೆ ಅಲೆಗೆ ಓಲಾಡುವ ಜೆಟ್ಟಿಯ ಮೇಲೆ ಅಮ್ಮ ಇಳಿಯುವುದು ಕಷ್ಟ. ದೊಡ್ಡ ಫೆರಿಯಲ್ಲಿ ಫಿ ಫಿ ಡಾನ್‌ಗೆ ಹೋಗಿ ಒಂದು ರಾತ್ರಿ ತಂಗಿರಿ. ಮರುದಿನ ಬೆಳಗ್ಗೆ ಬೇಗ ನೀನೂ ಮಕ್ಕಳೂ ಅಲ್ಲಿಂದ ಲಾಂಗ್‌ಟೇಲ್ ಹಿಡಿದು ಮಾಯಾ ಬೇಗೆ ಹೋಗಿ ಬನ್ನಿ, ಅಮ್ಮ ಅಕ್ಕನ ಜೊತೆ ದಡದಲ್ಲಿ ನೆರಳಿನಲ್ಲಿ ಕುಳಿತಿರಲಿ. ಆವೊ ನಾಂಗ್‌ನಿಂದ ಫಿ ಫಿವರೆಗೆ ಲಾಂಗ್‌ಟೇಲಿನಲ್ಲಿ ಹೋಗುವ ಯೋಚನೆ ಬೇಡ, ತೆರೆದ ಕಡಲಿನಲ್ಲಿ ಅದು ಬಹಳ ದೂರ.

ದೋಣಿ ಹತ್ತುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಣಕಾಲು ಮುಳುಗುವ ನೀರಿನಲ್ಲಿ, ಕೆಲವೊಮ್ಮೆ ಸೊಂಟದವರೆಗಿನ ನೀರಿನಲ್ಲಿ ನಿಂತು ಸಣ್ಣ ಏಣಿಯನ್ನು ಹತ್ತಬೇಕಾಗುತ್ತದೆ. ಅಮ್ಮ ಸೀರೆ ಬಿಟ್ಟು ಚೂಡಿದಾರ ಹಾಕಿಕೊಳ್ಳಲಿ. ಪೋಡಾದಲ್ಲಿ ಮರದ ನೆರಳೂ ಅಗಲವಾದ ಮರಳ ದಂಡೆಯೂ ಇರುವುದರಿಂದ ಅಮ್ಮನಿಗೆ ಅದೊಂದೇ ದ್ವೀಪವಾದರೂ ಸಾಕೆನಿಸುತ್ತದೆ.

ಮಗುವಿನ ಲೈಫ್ ಜಾಕೆಟ್ಟಿನ ವಿಷಯದಲ್ಲಿ ಮಾತ್ರ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡ. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ಟು ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ. ಕಾಲುಗಳ ನಡುವೆ ಹಾದುಹೋಗುವ ಪಟ್ಟಿಯಿರುವ, ಅವನ ತೂಕಕ್ಕೆ ಸರಿಹೊಂದುವ ಜಾಕೆಟ್ಟನ್ನು ಇಲ್ಲಿಂದಲೇ ಕೊಂಡುಹೋಗು. 2018ರ ಜುಲೈ 5ರಂದು ಫುಕೆಟ್ ಬಳಿ ಬಿರುಗಾಳಿಯಲ್ಲಿ ಪ್ರವಾಸಿ ದೋಣಿಯೊಂದು ಮುಳುಗಿ 47 ಜನ ಸತ್ತರು; ಅದು ಮುಂಗಾರಿನ ಕಾಲ. ಜನವರಿಯಲ್ಲಿ ಆ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಆದರೂ ದೋಣಿಯವನು ಈ ದಿನ ಬೇಡವೆಂದರೆ ಬೇಡವೆಂದೇ ಅರ್ಥ, ಹೆಚ್ಚು ಹಣ ಕೊಟ್ಟು ಒಪ್ಪಿಸಬೇಡಿ.

ದರ ಗೊತ್ತುಮಾಡುವಾಗ ರಾಷ್ಟ್ರೀಯ ಉದ್ಯಾನದ ಶುಲ್ಕ ಸೇರಿದೆಯೇ ಎಂದು ಕೇಳು. ಫಿ ಫಿಗೆ ವಿದೇಶೀಯರಲ್ಲಿ ದೊಡ್ಡವರಿಗೆ 400, ಮಕ್ಕಳಿಗೆ 200 ಬಾತ್ ಇತ್ತು, ಏಳು ಜನರಿಗೆ ಅದೇ ದೊಡ್ಡ ಮೊತ್ತವಾಗುತ್ತದೆ. ಸನ್‌ಸ್ಕ್ರೀನಿನ ಡಬ್ಬಿಯ ಮೇಲೆ ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಎಂಬ ಹೆಸರುಗಳಿದ್ದರೆ ಅದನ್ನು ಮನೆಯಲ್ಲೇ ಬಿಟ್ಟುಬಿಡು. ಹವಳಕ್ಕೆ ಹಾನಿಯೆಂದು 2021ರಿಂದ ಅಲ್ಲಿನ ಕಡಲ ಉದ್ಯಾನಗಳಲ್ಲಿ ನಿಷೇಧಿಸಿದ್ದಾರೆ. ಊಟಕ್ಕೆ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಳ್ಳಿ, ಅಮ್ಮ ಹೊರಗಿನದನ್ನು ತಿನ್ನುವುದಿಲ್ಲ. ದೋಣಿಯವನಿಗೂ ಒಂದು ಪಾಲು ಇರಲಿ. ನಮ್ಮ ದೋಣಿಯವನು ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿಕೊಂಡು ಎರಡನೆಯ ಸಲ ಕೇಳಿ ಹಾಕಿಸಿಕೊಂಡ.

ನೀವು ಕ್ರಾಬಿಯಲ್ಲಿ ಇರುವ ತಾರೀಖುಗಳನ್ನು ಇಲ್ಲಿ ಹಾಕು, ಪುಟ್ಟಿ. ನಾನು ಪಂಚಾಂಗವನ್ನೂ ಉಬ್ಬರದ ಕೋಷ್ಟಕವನ್ನೂ ಪಕ್ಕದಲ್ಲಿಟ್ಟುಕೊಂಡು ಯಾವ ದಿನ, ಎಷ್ಟು ಹೊತ್ತಿಗೆ ದಡ ಬಿಡಬೇಕೆಂದು ಭಾನುವಾರದೊಳಗೆ ತಿಳಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡ.