ವಾಟ್ಸಾಪ್ ಬಿಟ್ಟು ಊರಿನ, ಜಿಲ್ಲೆಯ ಸುದ್ದಿ ತಿಳ್ಕೊಳ್ಳೋದು ಹ್ಯಾಂಗ?

ಜಮಖಂಡಿ_ಬಿಎ: ನಮ್ಮ ವಯಸ್ಸಿನವರಿಗೆ ಸುದ್ದಿ ಅಂದ್ರ ರೀಲ್ಸ್, ಸ್ಟೇಟಸ್ ಅಷ್ಟೇ. ದಿಲ್ಲಿ ಜಗಳ ಗೊತ್ತಿರ್ತದ, ನಮ್ಮ ಪಂಚಾಯ್ತಿಗೆ ಎಷ್ಟು ರೊಕ್ಕ ಬಂತು ಗೊತ್ತಿರಂಗಿಲ್ಲ. ಮಳಿಗಾಲದಾಗ ಆಲಮಟ್ಟಿ ಗೇಟ್ ತೆಗೆದ್ರು ಅಂತ ಬರೋ ವಿಡಿಯೋ ಖರೇನೋ ಸುಳ್ಳೋ ತಿಳಿಯಂಗಿಲ್ಲ. ದಿನಕ್ಕ ಅರ್ಧ ತಾಸು ಕೊಡಬಹುದು. ಎಲ್ಲಿಂದ ಸುರು ಮಾಡ್ಬೇಕ್ರಿ?

ಕೃಷ್ಣಾತೀರ: ಹೊಳಿ ಸುದ್ದಿಯಿಂದನ ಸುರು ಮಾಡ್ರಿ, ಅದನ್ನ ಅಂಕಿ ಹಿಡಿದು ತಾಳೆ ನೋಡ್ಲಿಕ್ಕೆ ಬರ್ತದ. ವಿಡಿಯೋದಾಗ ತಾರೀಖು, ಜಾಗ ಇಲ್ಲಂದ್ರ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕ್ರಿ. 2019ರ ಪ್ರವಾಹದ್ದಾಗಿದ್ರ ಹಳೇ ಸುದ್ದಿ ಸಿಕ್ಕೇ ಸಿಗೋ ಸಂಭವ ಭಾಳ. ಆಮೇಲೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಿನದ ಜಲಾಶಯ ಪಟ್ಟಿ ನೋಡ್ರಿ. ಆಲಮಟ್ಟಿ ಗರಿಷ್ಠ ಮಟ್ಟ 519.60 ಮೀಟರ್, ಸಾಮರ್ಥ್ಯ 123.08 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ ನೀರು). ಮಟ್ಟ ಒಂದ ನೋಡಿದ್ರ ಸಾಲಂಗಿಲ್ಲ, ಒಳಹರಿವು ಹೊರಹರಿವು ಎರಡೂ ನೋಡ್ಬೇಕು. 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಇಡೀ ದಿನ ಹರಿದ್ರ 1 ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ಅಂದ್ರ ದಿನಕ್ಕ ಸುಮಾರು 8.6 ಟಿಎಂಸಿ.

ಎಲ್ಲಕ್ಕಿಂತ ದೊಡ್ಡ ಮಾತು: ಹೊಳಿ ಹರಿಯೋ ದಿಕ್ಕಿನಾಗ ಆಲಮಟ್ಟಿ ಜಮಖಂಡಿಗಿಂತ ಕೆಳಗ ಅದ. ಗೇಟ್ ತೆಗೆದ್ರ ನೀರು ನಾರಾಯಣಪುರದ ಕಡೆ ಇಳೀತದ, ನಿಮ್ಮ ಕಡೆ ಬರಂಗಿಲ್ಲ. ನೀವು ಕಣ್ಣಿಡಬೇಕಾದ್ದು ಮಹಾರಾಷ್ಟ್ರದ ಕೊಯ್ನಾ ಭಾಗದ ಮಳಿ, ಅಲ್ಲಿನ ರಾಜಾಪುರ ಮತ್ತು ಹಿಪ್ಪರಗಿ ಬ್ಯಾರೇಜಿನ ಹರಿವಿನ ಮ್ಯಾಲೆ. ಇದು ಗೊತ್ತಿಲ್ಲದ ಮಂದಿ ತಪ್ಪು ವಿಡಿಯೋಕ್ಕ ಹೆದರ್ತಾರ, ಖರೇ ಎಚ್ಚರಿಕೆ ಬಿಡ್ತಾರ.

ಗ್ರಾಮಸಭೆ: ಪಂಚಾಯ್ತಿ ರೊಕ್ಕಕ್ಕೆ ಇ-ಗ್ರಾಮಸ್ವರಾಜ್ ಅನ್ನೋ ಸರ್ಕಾರಿ ಜಾಲತಾಣ ತೆರೆದು ಜಿಲ್ಲೆ, ತಾಲೂಕು, ಪಂಚಾಯ್ತಿ, ವರ್ಷ ಆರಿಸಿ. ಕ್ರಿಯಾ ಯೋಜನೆಯಲ್ಲಿ ಕಾಣುವುದು ಯೋಜಿಸಿದ ಮೊತ್ತ, ಖರ್ಚಾದದ್ದಲ್ಲ. ಹುಡುಗರು ಇಲ್ಲೇ ಎಡವಿ "ಇಷ್ಟು ತಿಂದರು" ಅಂತ ಪೋಸ್ಟ್ ಹಾಕ್ತಾರೆ. ಪಾವತಿ ಪಟ್ಟಿಯನ್ನೂ ನೋಡಿಯೇ ಮಾತಾಡಿ. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬೇಡಿಕೆಯನ್ನು ವಾರ್ಡ್ ಸಭೆಯಲ್ಲೇ ಬರೆಸಿ. ಗ್ರಾಮಸಭೆ ದಿನ ಬಾಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬಿಟ್ಟುಹೋಗುತ್ತೆ.

ಅಲ್ಲೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. "ರಸ್ತೆ ಯಾಕೆ ಕೆಟ್ಟಿದೆ" ಅಂತ ಕೇಳಬೇಡಿ, ಕಾರಣ ಹೇಳುವುದು ಅವರ ಕೆಲಸವಲ್ಲ ಅಂತ ವಾಪಸ್ ಬರುತ್ತೆ. "ಈ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಎಂ.ಬಿ. (ಕಾಮಗಾರಿ ಅಳತೆ) ಪುಸ್ತಕದ ಪ್ರತಿ ಕೊಡಿ" ಅನ್ನಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ವಿಜಯಪುರ_ಓದುಗ: ಇ-ಪೇಪರ್ ತೆಗೆದಾಗ ಬೆಂಗಳೂರು ಆವೃತ್ತಿಯೇ ಮೊದಲು ಬಂದರೆ ಬಾಗಲಕೋಟೆ ಆವೃತ್ತಿಗೆ ಬದಲಿಸ್ರಿ. ಜಿಲ್ಲಾ ಪುಟ ಅಲ್ಲೇ ಇರೋದು. ಪಂಚಾಯ್ತಿ ಅರಿವು ಕೇಂದ್ರದಾಗ (ಊರಿನ ಗ್ರಂಥಾಲಯ) ಎರಡು ಪತ್ರಿಕೆ ಬಂದರೆ ಒಂದೇ ಸುದ್ದಿ ಎರಡರಾಗೂ ಓದ್ರಿ. ಬೆಳಗಾವಿ ಅಧಿವೇಶನದಾಗ ನಿಮ್ಮ ಶಾಸಕರು ಏನು ಕೇಳಿದ್ರು ಅನ್ನೋದು ವಿಧಾನಸಭೆ ಜಾಲತಾಣದ ಪ್ರಶ್ನೋತ್ತರದಾಗ ಸಿಗ್ತದ. ಭಾಷಣದ ತುಣುಕಿಗಿಂತ ಅದು ಎಷ್ಟೋ ಗಟ್ಟಿ.

ಜಮಖಂಡಿ_ಬಿಎ: ಭಾಳ ಉಪಕಾರ ಆತ್ರಿ. ಅರ್ಜಿ ತಗೊಳ್ಳಂಗಿಲ್ಲ ಅಂದ್ರ?

ಗ್ರಾಮಸಭೆ: ಇಂಡಿಯನ್ ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ. ರಶೀದಿ, ಅರ್ಜಿಯ ಜೆರಾಕ್ಸ್, ಪೋಸ್ಟಲ್ ಆರ್ಡರ್ ನಂಬರ್ ಮೂರೂ ಇಟ್ಟುಕೊಳ್ಳಿ. ಮೇಲ್ಮನವಿಗೆ ಅವೇ ಬೇಕಾಗುತ್ತವೆ.